ಟೇಪಿನ ಕೂಟದಲ್ಲಿ ನಾನೆತ್ತಿದ ಬೆರಳು

ಇದನ್ನು ಬರೆಯಲೆಂದು ಕುಳಿತು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಪ್ರತಿ ಸಲವೂ ಏನಾದರೊಂದು ನೆಪ ಸಿಗುತ್ತಿತ್ತು. ಕನ್ನಡಕ ಸರಿಯಿಲ್ಲ, ಮೊಮ್ಮಗಳಿಗೆ ಪರೀಕ್ಷೆ, ಹೈಸ್ಕೂಲಿಗೆ ಓದು ನಿಲ್ಲಿಸಿದ ನಾನು ಏನು ಬರೆದೇನು. ನೆಪಗಳು ಈಗಲೂ ಇವೆ. ಆದರೆ ವಯಸ್ಸು ಎಪ್ಪತ್ತು ದಾಟಿದೆ. ಇನ್ನು ಮುಂದೂಡಿದರೆ ಇದು ನನ್ನ ಜೊತೆಗೇ ಹೋಗುತ್ತದೆ.

ತೊಂಬತ್ತರ ದಶಕದಲ್ಲಿ ನಾನು ದೋಹಾದ ಅಲ್ ಸದ್ದ್‌ನಲ್ಲಿ ಒಂದು ಖಾಸಗಿ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ರೇಡಿಯೋ, ಟಿವಿಗಳಲ್ಲಿ ಬರುವ ಜಾಹೀರಾತುಗಳ ಧ್ವನಿಯನ್ನು ಅಲ್ಲಿ ತಯಾರು ಮಾಡುತ್ತಿದ್ದೆವು. ಎಲ್ಲವೂ ಟೇಪಿನ ಮೇಲೆ. ಓದುವವರು ಕೆಮ್ಮಿದರೆ, ತಡವರಿಸಿದರೆ, ಉಸಿರನ್ನು ಜೋರಾಗಿ ಎಳೆದರೆ, ಆ ಜಾಗಕ್ಕೆ ಹಳದಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಬೇಕು. ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಬೇಡದ್ದನ್ನು ತೆಗೆದು, ಎರಡು ತುದಿಗಳನ್ನು ಸೇರಿಸಿ, ಬೆನ್ನಿಗೆ ಬಿಳಿ ಪಟ್ಟಿ ಅಂಟಿಸಬೇಕು. ಸೇರಿಸಿದ್ದು ಕಿವಿಗೆ ಗೊತ್ತಾಗಬಾರದು. ನನಗೆ ಅರಬ್ಬಿಯ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೂ ಅರಬ್ಬಿ ಮಾತಿನಲ್ಲಿ ಉಸಿರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಗೆ ಗೊತ್ತಿತ್ತು. ಹೊಸ ಟೇಪಿನ ಡಬ್ಬಿ ಬಿಚ್ಚಿದಾಗ ಬರುವ ಆ ಹುಳಿ ಹುಳಿ ವಾಸನೆ ಈಗಲೂ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕುತ್ತೇನೆ.

ಇಡೀ ದೋಹಾದಲ್ಲಿ ಈ ಕೆಲಸ ಮಾಡುವವರು ಬೆರಳೆಣಿಕೆಯಷ್ಟು ಮಂದಿ. ನಮ್ಮದೊಂದು ಕೂಟವಿತ್ತು. ಹೊರದೇಶದ ಕೆಲಸಗಾರರು ಅಲ್ಲಿ ಸಂಘ ಕಟ್ಟುವ ಹಾಗಿರಲಿಲ್ಲವಾದ್ದರಿಂದ ಅದಕ್ಕೆ ಬೋರ್ಡಾಗಲಿ ರಸೀದಿ ಪುಸ್ತಕವಾಗಲಿ ಇರಲಿಲ್ಲ. ಶುಕ್ರವಾರ ನಮಾಜು, ಊಟ ಮುಗಿದ ಮೇಲೆ ನಮ್ಮ ಸ್ಟುಡಿಯೋದಲ್ಲೇ ಸೇರುತ್ತಿದ್ದೆವು. ಎಲ್ಲರಿಗಿಂತ ಹಿರಿಯರು ಒಬ್ಬ ಸುಡಾನಿ. ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಬೀಗದ ಕೈ ಅವರ ಬಳಿ ಇರುತ್ತಿತ್ತು. ಒಬ್ಬ ಮಲಯಾಳಿ ಗೆಳೆಯ ನೇಂದ್ರ ಚಿಪ್ಸ್ ತರುತ್ತಿದ್ದ, ನಾನು ಹಾಲಿಲ್ಲದ ಸುಲೈಮಾನಿ ಚಹಾ ಕುದಿಸುತ್ತಿದ್ದೆ. ಒಳ್ಳೆಯ ಬ್ಲೇಡು ಯಾವ ಅಂಗಡಿಯಲ್ಲಿ ಬಂದಿದೆ, ಯಾವ ಮಾಲೀಕ ಪಾಸ್‌ಪೋರ್ಟ್ ಕೊಡದೆ ಸತಾಯಿಸುತ್ತಾನೆ ಎಂಬ ಮಾತುಗಳು. ಒಬ್ಬ ರಜೆಗೆ ಊರಿಗೆ ಹೋದರೆ ಅವನ ಕೆಲಸವನ್ನು ಉಳಿದವರು ಹಂಚಿಕೊಳ್ಳಬೇಕು, ಅವನು ಬಂದಿಳಿದ ದಿನವೇ ಬಿಟ್ಟುಕೊಡಬೇಕು. ಬರೆದಿಡದ ಈ ನಿಯಮವನ್ನು ಯಾರೂ ಮುರಿದದ್ದು ನಾನು ಕಾಣೆ.

ಸ್ಟುಡಿಯೋಗಳ ಮಾಲೀಕರು ಹೊಸಬರನ್ನು ತೆಗೆದುಕೊಳ್ಳುವ ಮೊದಲು ಉಸ್ತಾದರನ್ನು ಕೇಳುತ್ತಿದ್ದರು. ಉಸ್ತಾದ್ ಪರೀಕ್ಷೆ ಮಾಡದೆ ಹೂಂ ಅನ್ನುತ್ತಿರಲಿಲ್ಲ. ಹೊಸಬನಿಗೆ ಒಂದು ಟೇಪು ಕೊಟ್ಟು, ಅದರಲ್ಲಿನ ಕೆಮ್ಮು, ಉಸಿರುಗಳನ್ನು ತೆಗೆಯಲು ಹೇಳುತ್ತಿದ್ದರು. ಆಮೇಲೆ ಮೂವರು ಕುಳಿತು ಕೇಳುವುದು: ಉಸ್ತಾದ್, ಮಲಯಾಳಿ, ನಾನು. ಏಸಿ ಬಂದ್. ಬೆವರು ಇಳಿದರೂ ಅಲುಗಾಡುವಂತಿಲ್ಲ. ಮುಖ ನೋಡಿ ಯಾರೂ ಊಹಿಸಬಾರದೆಂದು ಹೊಸಬ ಗೋಡೆಯ ಕಡೆ ತಿರುಗಿ ನಿಲ್ಲಬೇಕು. ಬಿಳಿ ಪಟ್ಟಿ ಯಂತ್ರದಲ್ಲಿ ಹಾದುಹೋಗುವುದು ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ ಕೇಳುವವರು ಕಣ್ಣು ಮುಚ್ಚಬೇಕು. ಜೋಡಿಸಿದ್ದು ಕಿವಿಗೆ ಗೊತ್ತಾದರೆ ಒಂದು ಬೆರಳು ಎತ್ತುವುದು. ಮೂವರಲ್ಲಿ ಒಬ್ಬನ ಬೆರಳು ಎದ್ದರೂ ಸಾಕು, ಆರು ತಿಂಗಳು ಬಿಟ್ಟು ಬರಬೇಕು.

ನನ್ನ ಕಿವಿಗೆ ಕೂಟದಲ್ಲಿ ಹೆಸರಿತ್ತು. ಆದರೆ ಆ ವರ್ಷ ಅದು ಕೈ ಕೊಡತೊಡಗಿತ್ತು. ಸಕಾರ, ಶಕಾರಗಳ ತುದಿ ಕೇಳುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಲು ಹೆದರಿಕೆ, ಮಾಲೀಕರಿಗೆ ತಿಳಿದರೆ ಎಂದು. ಹಿಂದಿನ ಎರಡು ಪರೀಕ್ಷೆಗಳಲ್ಲಿ ಉಳಿದಿಬ್ಬರೂ ಬೆರಳೆತ್ತಿದ್ದರು, ನಾನು ಮಾತ್ರ ಸುಮ್ಮನೆ ಕುಳಿತಿದ್ದೆ. ನನ್ನನ್ನು ಚೇಟ್ಟಾ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದ ಮಲಯಾಳಿ ತನ್ನ ಹಿಂದಿಯಲ್ಲಿ ಎಲ್ಲರೆದುರೇ ಕೇಳಿದ, "ಏನು ಚೇಟ್ಟಾ, ಕಿವಿ ವೆಕೇಶನ್‌ಗೆ ಹೋಗಿದೆಯಾ? ರಿಟರ್ನ್ ಟಿಕೆಟ್ ಉಂಟೋ ಇಲ್ವೋ?" ಎಲ್ಲರೂ ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದು ಗಡಿಯಾರವನ್ನು ಬಲಗಿವಿಗೆ ಹಿಡಿದು ನೋಡಿದೆ. ಏನೂ ಕೇಳಿಸಲಿಲ್ಲ.

ಆ ದಿನಗಳಲ್ಲೇ ಅವರು ಬಂದದ್ದು. ನಮ್ಮ ಕರಾವಳಿಯ ಬ್ಯಾರಿ, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಮುಶೈರಿಬ್‌ನ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಸೇಲ್ಸ್‌ಮನ್. ಊರಿನಲ್ಲಿ ಸ್ವಂತ ಯಂತ್ರ ಇಟ್ಟುಕೊಂಡು ಮದುವೆಯ ಹಾಡು, ತಾಳಮದ್ದಳೆಗಳನ್ನೆಲ್ಲ ಧ್ವನಿಮುದ್ರಿಸುತ್ತಿದ್ದರಂತೆ. ಅಂಗಡಿ ಮುಚ್ಚುವುದೆಂದು ನಿರ್ಧಾರವಾಗಿತ್ತು. ಬೇರೆ ಕೆಲಸ ಸಿಕ್ಕರೆ ಮಾಲೀಕ ವೀಸಾ ಬದಲಾಯಿಸಿಕೊಡಲು ತಯಾರಿದ್ದ. ಸಿಗದಿದ್ದರೆ ತಿಂಗಳ ಕೊನೆಗೆ ಟಿಕೆಟು. ನಮ್ಮ ಪಕ್ಕದ ಸ್ಟುಡಿಯೋದಲ್ಲಿ ಒಂದು ಜಾಗ ಖಾಲಿಯಿತ್ತು.

"ಅಣ್ಣ, ನೀವೂ ಕೇಳ್ಲಿಕ್ಕೆ ಕೂತ್ಕೊಳ್ತೀರಂತೆ ಅಲ್ವಾ?" ಎಂದರು ಚಹಾದ ಲೋಟ ಹಿಡಿದುಕೊಂಡು. "ನಮ್ಮ ಊರಿನವ ಅಂತ ಏನೂ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಸರಿ ಇದ್ರೆ ಸರಿ, ಇಲ್ಲಾಂದ್ರೆ ಖಲಾಸ್. ಕೆಲ್ಸದಲ್ಲಿ ದಾಕ್ಷಿಣ್ಯ ಆಗುದಿಲ್ಲ."

"ನೀವು ಧೈರ್ಯದಿಂದ ಮಾಡಿ ಬ್ಯಾರಿಗಳೇ," ಎಂದೆ.

ಅವರು ಕತ್ತರಿಸುವುದನ್ನು ನಿಂತು ನೋಡಿದೆ. ರೀಲುಗಳನ್ನು ಎರಡೂ ಕೈಗಳಿಂದ ಹಿಂದೆ ಮುಂದೆ ತೂಗಿ ಉಸಿರಿನ ಅಂಚು ಹುಡುಕುವಾಗ ತುಟಿ ಅಲುಗುತ್ತಿತ್ತು. ಒಂದೇ ಗುರುತು, ಒಂದೇ ಕೊಯ್ತ. ಅಂತಹ ಕೈ ನಮ್ಮ ಕೂಟದಲ್ಲಿ ಉಸ್ತಾದರನ್ನು ಬಿಟ್ಟರೆ ಯಾರಿಗೂ ಇರಲಿಲ್ಲ.

ಏಸಿ ನಿಂತಿತು. ಅವರು ಗೋಡೆಯ ಕಡೆ ತಿರುಗಿದರು. ಟೇಪು ಓಡತೊಡಗಿತು. ಸಾಬೂನಿನ ಜಾಹೀರಾತು, ಯಾರೋ ಈಜಿಪ್ಟಿನವನ ದನಿ. ನಾನು ಕಣ್ಣು ಮುಚ್ಚಿ ಕುಳಿತೆ. ಏನೂ ಕೇಳುತ್ತಿಲ್ಲ. ಇಲ್ಲಿ ಕೇಳುವಂಥದ್ದೇ ಇಲ್ಲವೋ, ನನಗೇ ಕೇಳುತ್ತಿಲ್ಲವೋ ಗೊತ್ತಾಗಲಿಲ್ಲ. ಈಗ ಉಳಿದಿಬ್ಬರ ಬೆರಳು ಎದ್ದಿದ್ದರೆ? ಮೂರನೆಯ ಸಲವೂ ನಾನೊಬ್ಬನೇ ಕುಳಿತಿದ್ದರೆ ಈ ಕುರ್ಚಿ ಹೋಗುತ್ತದೆ, ವಿಷಯ ಮಾಲೀಕರವರೆಗೆ ಹೋಗುತ್ತದೆ. ಎಡಗಣ್ಣನ್ನು ಕೂದಲೆಳೆಯಷ್ಟು ತೆರೆದೆ. ಕಂದು ಟೇಪಿನ ಮೇಲೆ ಬಿಳಿ ಪಟ್ಟಿಯೊಂದು ಮಿಂಚಿ ಹೋಯಿತು.

ಬೆರಳೆತ್ತಿದೆ.

ಟೇಪು ಮುಗಿದು ಎಲ್ಲರೂ ಕಣ್ಣು ತೆರೆದಾಗ ಎದ್ದದ್ದು ನನ್ನ ಬೆರಳೊಂದೇ. ಮಲಯಾಳಿ ಬಾಯಿ ತೆರೆದು ನೋಡಿದ. "ಅಯ್ಯೋ, ನನಗೆ ಗೊತ್ತೇ ಆಗ್ಲಿಲ್ಲ. ಕಿವಿ ವಾಪಸ್ ಬಂತು ಚೇಟ್ಟಾ, ಬಿಸಿನೆಸ್ ಕ್ಲಾಸಿನಲ್ಲೇ ಬಂತು!"

ಉಸ್ತಾದ್ ನಗಲಿಲ್ಲ. ನನ್ನನ್ನೇ ನೋಡುತ್ತ ತಮ್ಮ ಹರಕು ಹಿಂದಿಯಲ್ಲಿ ಕೇಳಿದರು, "ಸರಿಯಾಗಿ ಕೇಳಿಸಿತಾ? ಇನ್ನೊಂದು ಸಲ ಹಾಕಲಾ?"

ಅಲ್ಲಿ ನನಗೆ ದಾರಿ ಇತ್ತು. "ಹಾಕಿ, ನನಗೆ ಅನುಮಾನ ಬಂದಿದೆ" ಎಂದಿದ್ದರೆ ಮುಗಿಯುತ್ತಿತ್ತು.

"ಕೇಳಿಸಿತು ಉಸ್ತಾದ್," ಎಂದೆ. "ಇನ್ನೊಂದು ಸಲ ಬೇಡ."

ಕೆಲಸ ಸಿಗದೆ ಊರಿಗೆ ಹೊರಡುವ ಹಿಂದಿನ ದಿನ ಬ್ಯಾರಿಗಳು ನನ್ನನ್ನು ಹುಡುಕಿಕೊಂಡು ಸ್ಟುಡಿಯೋಗೆ ಬಂದರು. ಬೈಯಲು ಬಂದರೇನೋ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಬಾಗಿಲಲ್ಲೇ ನಿಂತು ಮೆತ್ತಗೆ ಕೇಳಿದರು.

"ಅಣ್ಣ, ಎಲ್ಲಿ ಕೇಳಿಸಿತು ಅಂತ ಒಂದು ಹೇಳ್ತೀರಾ? ಎಷ್ಟು ಯೋಚನೆ ಮಾಡಿದ್ರೂ ನಂಗೆ ಗೊತ್ತಾಗುದಿಲ್ಲ. ಊರಿಗೆ ಹೋಗಿ ಸರಿ ಮಾಡಿಕೊಳ್ಳುವ ಅಂತ."

ಆಗಲೂ ನಾನು ನಿಜ ಹೇಳಲಿಲ್ಲ. "ಕೊಯ್ತ ಒಂದು ಕೂದಲಷ್ಟು ಮುಂದೆ ಬಿದ್ದಿದೆ. ನಿಮ್ಮ ಕೈ ಸ್ವಲ್ಪ ಅವಸರದ್ದು," ಎಂದೆ. ಮಾತು ಸಲೀಸಾಗಿ ಬಂತು. ಅವರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡು, "ಹೌದಾ? ಇರ್ಬಹುದು," ಎಂದು ಹೊರಟರು.

ಕೆಲವು ತಿಂಗಳಿಗೆ ನಾನು ಮನೆಯ ಕಾರಣ ಹೇಳಿ ಕೇಳುವವರ ಕುರ್ಚಿ ಬಿಟ್ಟೆ. ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಬಂದು ಬ್ಲೇಡು, ಪೆನ್ಸಿಲು ಎಲ್ಲ ಡ್ರಾಯರ್ ಸೇರಿದವು. ಕೂಟ ತಾನಾಗಿ ಕರಗಿತು. ಉಸ್ತಾದ್ ಖಾರ್ಟೂಮಿಗೆ ಹೋದರು. ಆ ಶುಕ್ರವಾರಗಳನ್ನು ನೆನೆದರೆ ಇಂದಿಗೂ ಮನಸ್ಸು ಹಗುರಾಗುತ್ತದೆ, ಆ ಒಂದು ಶುಕ್ರವಾರ ಎದುರಾಗುವವರೆಗೆ.

ಊರಿಗೆ ಮರಳಿದ ಮೇಲೆ, ಬ್ಯಾರಿಗಳ ಊರಿನವರೇ ಒಬ್ಬರು ಬಸ್ಸಿನಲ್ಲಿ ಸಿಕ್ಕರು. ಬ್ಯಾರಿಗಳು ಈಗ ಬಟ್ಟೆ ಅಂಗಡಿ ಇಟ್ಟಿದ್ದಾರಂತೆ. ಧ್ವನಿಮುದ್ರಣದ ಯಂತ್ರವನ್ನು ದೋಹಾದಿಂದ ಬಂದ ವರ್ಷವೇ ಯಾರಿಗೋ ಕೊಟ್ಟುಬಿಟ್ಟರಂತೆ. ಯಾರಾದರೂ ಹಾಡು ರೆಕಾರ್ಡ್ ಮಾಡಿಕೊಡಿ ಎಂದು ಬಂದರೆ, "ನನ್ನ ಕೈ ಅಷ್ಟಕ್ಕಷ್ಟೇ ಮಾರಾಯ್ರೆ. ಕತಾರಿನಲ್ಲಿ ದೊಡ್ಡ ದೊಡ್ಡವರು ಕೂತು ಕೇಳಿ ಹೇಳಿದ್ದಾರೆ," ಎಂದು ಕಳಿಸುತ್ತಾರಂತೆ.

ಆ ಅಂಗಡಿಗೆ ನನ್ನ ಮನೆಯಿಂದ ಒಂದೇ ಬಸ್ಸು. ನಾನು ಇನ್ನೂ ಹತ್ತಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯಬೇಕಾದರೆ ಅವರನ್ನು ಕೇಳಬೇಕು, ಕೇಳಬೇಕಾದರೆ ಅವರ ಮುಂದೆ ಹೋಗಿ ನಿಲ್ಲಬೇಕು. ಅದಾಗುವವರೆಗೆ, ಆ ಕಾಲದಲ್ಲಿ ದೋಹಾದಲ್ಲಿದ್ದವರಿಗೆ ಗುರುತು ಸಿಗುವಷ್ಟು ಹೇಳುತ್ತೇನೆ. ನಾನು ಇನ್ನೂ ಕ್ಷಮೆ ಕೇಳಬೇಕಾದವರು, ಮುಶೈರಿಬ್‌ನ ಕ್ಯಾಸೆಟ್ ಅಂಗಡಿಯಲ್ಲಿದ್ದ, ಎಡಗೈಯಲ್ಲಿ ಬ್ಲೇಡು ಹಿಡಿಯುತ್ತಿದ್ದ ಬ್ಯಾರಿ.