ಮೋತಿಗೆ ಗಂಜಿ ಹಚ್ಚಿದ ದಿನ

ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಇಡೀ ದಿನ ಎಲ್ಲೂ ಕೂರಲಿಲ್ಲ. ಬೆಳಗಿನ ಚಹಾ ನಿಂತೇ ಕುಡಿದೆ, ರೊಟ್ಟಿಯನ್ನು ಓಡಾಡುತ್ತ ತಿಂದೆ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮಾಳಿಗೆಗೆ, ಮಾಳಿಗೆ ಇಳಿದು ಓಣಿಯ ತುದಿಗೆ, ಮತ್ತೆ ಒಳಕ್ಕೆ. ಕಾನ್ವೆಂಟಿನಲ್ಲಿ ಸಿಸ್ಟರ್ ಯಾವಾಗಲೂ ನನಗೆ "ಸಿಟ್ ಸ್ಟಿಲ್, ಚೈಲ್ಡ್" ಅನ್ನುತ್ತಿದ್ದರು, ಖರೆ. ಆದರೆ ಆ ದಿನದ ಚಡಪಡಿಕೆಯೇ ಬೇರೆ. ಮಧ್ಯಾಹ್ನದ ಬಸ್ಸಿಗೆ ಕಮತಗಿಯಿಂದ ಮಾಮಾ, ಅಂದರೆ ಅವ್ವನ ತಮ್ಮ, ಬರುವವನಿದ್ದ. ಬಂದು ನಮ್ಮ ಮೋತಿಯನ್ನು ಶಾಶ್ವತವಾಗಿ ಕರೆದುಕೊಂಡು ಹೋಗುವವನಿದ್ದ.

ಮೋತಿ ನಮ್ಮ ನಾಯಿ. ಪಾಮೇರಿಯನ್ ಜಾತಿಯದು, ಮೂಗಿನ ತುದಿ ಬಿಟ್ಟರೆ ಉಳಿದದ್ದೆಲ್ಲ ಬಿಳಿ. ಬ್ಯಾಂಕಿನ ಆಫೀಸರೊಬ್ಬರು ಇಳಕಲ್ಲಿನಿಂದ ವರ್ಗವಾಗಿ ಹೋಗುವಾಗ ಅದನ್ನು ನಮ್ಮಲ್ಲಿ ಬಿಟ್ಟಿದ್ದರು. ಆಗ ಚಳಿಗಾಲ. ಮೇಲೆ ಉದ್ದ ಕೂದಲು, ಒಳಗೆ ಅರಳೆಯಂಥ ದಟ್ಟ ತುಪ್ಪಳ. ಕೈ ಹಾಕಿದರೆ ಬೆರಳು ಕಾಣುತ್ತಿರಲಿಲ್ಲ. ನಸುಕಿನ ಥಂಡಿಯಲ್ಲಿ ನಾನು ಅದರ ಕುತ್ತಿಗೆಯಲ್ಲಿ ಮುಖವಿಟ್ಟು ಕೂರುತ್ತಿದ್ದೆ. ಬಿಸಿಲಿನಲ್ಲಿ ಒಣಗಿಸಿದ, ಹೊದೆಯುವ ಕೌದಿಯ ವಾಸನೆ ಬರುತ್ತಿತ್ತು.

ಯುಗಾದಿ ಕಳೆಯಿತು. ಬೇವಿನ ಹೂವು ಉದುರಲು ಶುರುವಾದಂತೆಯೇ ಮೋತಿಯ ಮೈಯೂ ಉದುರಲು ಶುರುವಾಯಿತು. ಮೊದಲು ಒಂದೊಂದು ಎಳೆ. ವಾರದೊಳಗೆ ಗುಂಪುಗುಂಪು. ಹಂಡೆಯ ನೀರಿನಲ್ಲಿ ಕೂದಲು, ರೊಟ್ಟಿ ಬಡಿಯುವ ಹಿಟ್ಟಿನಲ್ಲಿ ಕೂದಲು, ಅಗಸಿ ಚಟ್ನಿಯಲ್ಲಿ ಕೂದಲು. ತೊಡೆಯ ಮೇಲೆ ತುಪ್ಪಳ ಹರಿದ ಗಾದಿಯಂತೆ ಜೋತುಬಿದ್ದಿತ್ತು. ಓಣಿಯವರು ಕಜ್ಜಿ ಅಂದರು. ಆನೆಸ್ಟ್ಲಿ, ನನಗೂ ಗೊತ್ತಿರಲಿಲ್ಲ. ಹಾವು ಪೊರೆ ಬಿಡುತ್ತದೆ ಎಂದು ಸಿಸ್ಟರ್ ಕಲಿಸಿದ್ದರು. ನಾಯಿಯ ಬಗ್ಗೆ ನಮ್ಮ ರೀಡರಿನಲ್ಲಿ ಇದ್ದದ್ದು ಒಂದೇ ಸಾಲು: ದಿ ಡಾಗ್ ಈಸ್ ಎ ಫೇಯ್ತ್‌ಫುಲ್ ಅನಿಮಲ್.

ಬೇರೆ ಮನೆಯಾಗಿದ್ದರೆ ಗುಡಿಸಿ ಹಾಕುತ್ತಿದ್ದರೇನೋ. ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲೇ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅಪ್ಪ ನೇಯುತ್ತಿದ್ದರು. ಆ ಬೇಸಿಗೆಯಲ್ಲಿ ಮಗ್ಗದ ಮೇಲಿದ್ದದ್ದು ಅಕ್ಕನ ಮದುವೆಯ ಸೀರೆ. ಅದುವರೆಗೆ ಅಪ್ಪ ನೇಯ್ದ ಸೀರೆಗಳನ್ನೆಲ್ಲ ಬೇರೆ ಯಾರೋ ಉಟ್ಟಿದ್ದರು. ಮನೆಯ ಮಗಳಿಗೆಂದು ಅಪ್ಪ ಮಗ್ಗಕ್ಕೆ ಏರಿಸಿದ್ದು ಅದೊಂದೇ. ದಾಳಿಂಬೆ ಕೆಂಪಿನ ರೇಷ್ಮೆ ಸೆರಗು, ಅದರ ಮೇಲೆ ಗೋಪುರದಂತೆ ಏಳುವ ಬಿಳಿ ತೆನೆಗಳು.

ಹಿಂದಿನ ದಿನ ಅಕ್ಕನ ಅತ್ತೆಯಾಗುವವರು ಸೀರೆ ನೋಡಲು ಹುನಗುಂದದಿಂದ ಬಂದಿದ್ದರು. ಮಗ್ಗದ ಮೇಲೆ ಬಾಗಿ ಸೆರಗನ್ನು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಎರಡು ಬೆರಳಿನಿಂದ ಏನೋ ಹಿಡಿದು ಎಳೆದರು. ಅದು ಬರಲಿಲ್ಲ, ನೇಯ್ಗೆಯೊಳಗೆ ಸೇರಿಹೋಗಿತ್ತು.

"ತೆನಿ ಬಿಟ್ಟ ಬ್ಯಾರೆ ಕಡೆನೂ ಬಿಳಿ ಎಳಿ ಹಾಕೀರಲ್ರಿ ಬೀಗರ," ಅಂದರು. "ಹೊಸಾ ಡಿಜೈನ್ ಏನ್ರಿ?"

ಅವ್ವ ಚಹಾದ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಳು.

"ನಾಯಿ ಕೂದಲಾ ಉಟಗೊಂಡ ನಮ್ಮ ಸೊಸಿ ಮದವ್ಯಾಗ ಅಕ್ಕಿಕಾಳ ಹಾಕಿಸ್ಕೊಳ್ಳಾಕಿ ಏನ್ರಿ?" ಎಂದು ನಕ್ಕಂತೆ ಮಾಡಿ, ಚಹಾ ಕುಡಿಯದೆ ಹೊರಟರು.

ಅಪ್ಪ ಚಿಮಟಿಗೆ ತೆಗೆದುಕೊಂಡು ಆ ಕೂದಲನ್ನು ಹೊರತೆಗೆದರು. ಆಮೇಲೆ ಕೈ ಒರೆಸಿಕೊಂಡು, "ಕಮತಗಿ ಬಸ್ಸಿನವ್ರ ಕೈಯಾಗ ನಿಮ್ಮ ಮಾಮಾಗ ಹೇಳಿ ಕಳಸತೇನಿ," ಅಂದರು. "ನಾಳೆ ಬಂದ ಒಯ್ಯಲಿ. ಹೊಲದಾಗ ಇರಲಿ ಅದು. ಮಗ್ಗ ಇದ್ದ ಮನ್ಯಾಗ ಇದು ಸಾಗಂಗಿಲ್ಲ."

ಅಕ್ಕ ಒಂದು ಮಾತಾಡಲಿ ಎಂದು ನಾನು ಅವಳ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು.

ಹಾಗಾಗಿ ಮರುದಿನ ನನಗೆ ಕೂರಲಾಗಲಿಲ್ಲ. ಮೋತಿಗೂ ಅಷ್ಟೇ. ಅದು ಕೆರೆದುಕೊಳ್ಳುವುದು, ಎದ್ದು ಸುತ್ತುವುದು, ಗೋಡೆಗೆ ಮೈ ಉಜ್ಜುವುದು, ಉಜ್ಜಿದಲ್ಲೆಲ್ಲ ಬಿಳಿ ಗೆರೆ. ಪೂರ್ ಫೆಲೋ. ಅವ್ವ ಒಲೆಯ ಮುಂದಿನಿಂದ ಕೂಗಿದಳು: "ಏ, ಇಬ್ಬರೂ ಒಂದ ಕಡೆ ಕುಂದರ್ರಿ. ನಿಮ್ಮನ್ನ ನೋಡಿ ನೋಡಿ ನನಗ ತಲಿ ತಿರಗಾಕತ್ತೈತಿ."

ಓಣಿಗೆ ಹೋದೆ. ಅಲ್ಲಿ ಅಪ್ಪ ಮತ್ತು ನೆರೆಯವರು ಹೊಸ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಬೆಳಗಿನ ಎಳೆಬಿಸಿಲಿನಲ್ಲೇ ಆ ಕೆಲಸ ಮುಗಿಯಬೇಕು. ಬಿಸಿ ಗಂಜಿಯ ಹುಳಿ ವಾಸನೆ, ಒದ್ದೆ ನೂಲಿನ ಹೊಳಪು, ಉದ್ದನೆಯ ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯುವ ಸರ್ರ್ ಎಂಬ ಸದ್ದು. ಆ ಕುಂಚ ಅಜ್ಜನ ಕಾಲದ್ದು, ಗಟ್ಟಿ ಬೇರುಗಳಿಂದ ಕಟ್ಟಿದ್ದು. ನಾವು ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ.

"ನೂಲಿಗೆ ಗಂಜಿ ಯಾಕಪ್ಪಾ?" ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ. ಸುಮ್ಮನಿದ್ದರೆ ಅಳು ಬರುತ್ತಿತ್ತು.

"ಗಂಜಿ ಕುಡದ ನೂಲು ಮೈ ಮುಚ್ಚಿಕೊಂಡ ಮಲಗತೈತಿ," ಅಂದರು ಅಪ್ಪ. "ಎಳಿ ಹಾರಂಗಿಲ್ಲ."

ಎಳೆ ಹಾರುವುದಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಹಾರದಿದ್ದರೆ ಮಗ್ಗಕ್ಕೆ ಬೀಳುವುದಿಲ್ಲ. ಬೀಳದಿದ್ದರೆ ಕಳಿಸುವುದೇಕೆ? ಇಷ್ಟು ಸುಲಭದ ಉಪಾಯ ಇವರಿಗೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು.

ತಳದಲ್ಲಿ ಉಳಿದ ಗಂಜಿಯನ್ನು ಚರಿಗೆಯಲ್ಲಿ ತುಂಬಿಕೊಂಡು, ಮೋತಿಯನ್ನು ಎತ್ತಿಕೊಂಡು ಮಾಳಿಗೆ ಹತ್ತಿದೆ. ಅಂಗೈಯಿಂದ ಬಳಿದೆ. ಬೆನ್ನು, ಹೊಟ್ಟೆ, ತೊಡೆ, ಬಾಲದ ತುದಿಯವರೆಗೆ. ಅದಕ್ಕೂ ಸಂತೋಷವೇ. ಮುಂಗಾಲಿನದನ್ನು ನಾನು ಹಚ್ಚುವುದಕ್ಕಿಂತ ಬೇಗ ನೆಕ್ಕಿ ಮುಗಿಸಿತು. ಕೂದಲೆಲ್ಲ ಮೈಗೆ ಅಂಟಿ, ಮೋತಿ ಅರ್ಧದಷ್ಟಾಗಿ, ತೊಯ್ದ ಇಲಿಯಂತೆ ಕಂಡಿತು. ಒಂದು ಎಳೆಯೂ ಹಾರಲಿಲ್ಲ. ವೆರಿ ಪ್ರೌಡ್ ಆಗಿ ಅದನ್ನು ಬಿಸಿಲಿನಲ್ಲಿ ಕಟ್ಟಿ, ಬಸ್ಸು ಬಂತೇನೋ ಎಂದು ನೋಡಲು ಓಣಿಯ ತುದಿಗೆ ಓಡಿದೆ.

ಬಸ್ಸು ಬಂದಿರಲಿಲ್ಲ. ವಾಪಸು ಬಂದೆ, ಮತ್ತೆ ಹೋದೆ. ಮೂರನೆಯ ಸಲ ಬಂದು ಮಾಳಿಗೆ ಹತ್ತಿದೆ. ಏಪ್ರಿಲ್ ಬಿಸಿಲಿಗೆ ಗಂಜಿ ಒಣಗಿ, ಮೋತಿಯ ಮೈ ಹಪ್ಪಳದಂತೆ ಬಿರುಸಾಗಿತ್ತು. ಹೆಜ್ಜೆ ಇಟ್ಟರೆ ಒಣ ಜೋಳದ ದಂಟಿನಂತೆ ಚರಚರ. ಕೂದಲು ಕೂದಲಿಗೆ ಅಂಟಿ ಚರ್ಮವನ್ನು ಎಳೆಯುತ್ತಿತ್ತು. ಕಾಲಿನ ಮೇಲೆ ಇರುವೆ ಸಾಲು ಹತ್ತುತ್ತಿತ್ತು. ಅದು ಕುಂಯ್‌ಗುಡುತ್ತ ನನ್ನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಬೈದಿದ್ದರೆ ಚೆನ್ನಾಗಿತ್ತು, ಆದರೆ ಅದು ಬಾಲ ಆಡಿಸಲು ನೋಡಿತು, ಬಾಲ ಆಡಲಿಲ್ಲ.

ಹಗ್ಗ ಬಿಚ್ಚಿದ್ದೇ ತಡ, ಮೋತಿ ನನ್ನ ಕೈ ತಪ್ಪಿಸಿಕೊಂಡು ಕೆಳಗೆ ಓಡಿತು. ಮನೆಯಲ್ಲಿ ತಂಪಾಗಿ ಕತ್ತಲಾಗಿದ್ದ ಜಾಗ ಒಂದೇ. ಅಪ್ಪ ಕಾಲು ಇಳಿಬಿಡುವ ಮಗ್ಗದ ಕುಣಿ. ಮೇಲೆ ಅಕ್ಕನ ಕೆಂಪು ಸೆರಗು, ಕೆಳಗೆ ಮೋತಿ. ಅದು ಮೈ ಕೊಡವಿದಾಗ ಒಣ ಗಂಜಿಯ ಪುಡಿ, ಕೂದಲು, ತುಪ್ಪಳ ಎಲ್ಲ ಒಟ್ಟಿಗೆ ಎದ್ದವು.

ಅದೇ ಹೊತ್ತಿಗೆ ಅಪ್ಪ ಮತ್ತು ಮಾಮಾ ಒಟ್ಟಿಗೆ ಒಳಗೆ ಬಂದರು. ಮಾಮಾನ ಬಗಲಲ್ಲಿ ಗೋಣಿಚೀಲ, ಕೈಯಲ್ಲಿ ಹಗ್ಗ. "ಎಲ್ಲಿ ಅದಾರವಾ ನಿಮ್ಮ ಸಾಹೇಬ್ರು?" ಅಂದ. ಆಮೇಲೆ ಕುಣಿಯೊಳಗೆ ಇಣುಕಿದ.

ಅಪ್ಪ ಮೊದಲು ಸೀರೆಯ ಮೇಲೆ ಬಟ್ಟೆ ಹೊದಿಸಿದರು. ಆಮೇಲೆ ಮೋತಿಯನ್ನು ಎತ್ತಿ ಹೊರತೆಗೆದರು.

"ಏನ ಹಚ್ಚಿದಿ ಇದಕ್ಕ?"

"ಗಂಜಿ."

"ಯಾಕ?"

"ಎಳಿ ಹಾರಬಾರದಂತ."

ಮಾಮಾ ಹೊಸ್ತಿಲ ಮೇಲೆ ಕುಸಿದು ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅಪ್ಪ ನಗಲಿಲ್ಲ. ಒಂದು ಜೊಂಪೆ ಕೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ನೂಲು ಪರೀಕ್ಷಿಸುವಂತೆ ತಿರುವಿ ನೋಡಿದರು.

"ಹಚ್ಚಿ ಒಣಗಾಕ ಬಿಟ್ಟಿ ಅಲ್ಲ ಹುಚ್ಚಿ," ಅಂದರು. "ಹಸಿ ಇದ್ದಾಗನ ಕುಂಚ ಎಳಿಬೇಕು. ಇಲ್ಲಂದ್ರ ಎಳಿಗೆ ಎಳಿ ಅಂಟತಾವು. ನೇಕಾರ ಮಗಳಿಗೆ ಇಷ್ಟೂ ಬ್ಯಾಡಾ?"

ಹಿತ್ತಿಲಿನಲ್ಲಿ ಬಿಸಿನೀರು ಸುರಿದು ಗಂಜಿ ನೆನೆಸಿದೆವು. ಅಪ್ಪ ಒಳಗೆ ಹೋಗಿ ಅಜ್ಜನ ಕುಂಚ ತಂದರು. "ಅಯ್ಯ, ಅದು ಮಾವನೋರದು," ಎಂದು ಅವ್ವ ಬಾಯಿ ತೆರೆದಳು. ಅಪ್ಪ ಕೇಳಿಸದವರಂತೆ ಮೋತಿಯ ಬೆನ್ನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಒಂದೇ ಎಳೆತ ಎಳೆದರು. ಸರ್ರ್. ತುಪ್ಪಳ ರಾಶಿಯಾಗಿ ಬಂತು. ಇನ್ನೊಂದು ಎಳೆತ, ಇನ್ನೊಂದು ರಾಶಿ. ಮೋತಿ ಕಣ್ಣು ಮುಚ್ಚಿ, ಕುತ್ತಿಗೆ ಚಾಚಿ ನಿಂತಿತ್ತು. ವಾರಗಟ್ಟಲೆ ಕುಣಿದಾಡುತ್ತಿದ್ದ ಪ್ರಾಣಿ ಅಲುಗಾಡಲಿಲ್ಲ. ರಾಶಿಯ ಕೆಳಗಿನಿಂದ ಹೊಸ ಮೈ ಕಾಣಿಸಿತು. ತೆಳ್ಳಗೆ, ನಯವಾಗಿ, ಒಂದು ಗಾಯವಿಲ್ಲ, ಒಂದು ಕಜ್ಜಿಯಿಲ್ಲ.

ಮಾಮಾ ಆ ತುಪ್ಪಳವನ್ನು ಕೈಯಲ್ಲಿ ಹಿಸುಕಿ ನೋಡಿದ. ಎಮ್ಮೆ, ಕುರಿ ಸಾಕಿದವನು. "ರೋಗ ಅಲ್ರೀ ಮಾರಾಯ್ರ ಇದು," ಎಂದ. "ಬ್ಯಾಸಗಿ ಬಂತು, ಕಂಬಳಿ ತಗದ ಒಗಿಯಾಕತ್ತೈತಿ. ಚಳಿ ಬರೂ ಮುಂದ ಹಳೇದ ಬಿಟ್ಟ ಮತ್ತ ದಪ್ಪಂದು ಹೊದಕೊಳ್ಳತೈತಿ."

ನನಗೆ ಉಸಿರು ಬಂತು. ಆದರೆ ಅಪ್ಪನ ಕೈ ನಿಂತಿತು. "ಅಂದ್ರ ವರ್ಷಕ್ಕ ಎರಡ ಸಲ," ಅಂದರು ಮೆಲ್ಲಗೆ. "ಹಂಗಾದ್ರ ಒಯ್ಯೂದ ಬೇಶ್. ಹಗ್ಗ ಹಾಕು."

ಮಾಮಾ ನನ್ನ ಮುಖ ನೋಡದೆ ಹಗ್ಗ ಬಿಡಿಸಿದ. ನಾನು ಮೋತಿಯ ಕುತ್ತಿಗೆ ಹಿಡಿದುಕೊಂಡೆ. ಒದ್ದೆ ಕೂದಲಿನಲ್ಲಿ ನನ್ನ ಬೆರಳು ಈಗ ಕಾಣುತ್ತಿದ್ದವು.

ಆಗ ಅಕ್ಕ ಹಿತ್ತಿಲ ಬಾಗಿಲಿಗೆ ಬಂದಳು. ಮೊಮ್ಮಕ್ಕಳೇ, ಇದೊಂದು ನಿಮಗೆ ಗೊತ್ತಿರಲಿ. ಆಗ ಮದುವೆ ಗೊತ್ತಾದ ಹುಡುಗಿ ಅಪ್ಪನ ಮುಂದೆ ತನ್ನ ಮದುವೆಯ ಮಾತೆತ್ತುತ್ತಿರಲಿಲ್ಲ. ಸೀರೆಯ ಬಣ್ಣ ಯಾವುದು ಬೇಕೆಂದು ಕೂಡ ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

"ಅಪ್ಪಾ, ಸೀರಿ ನಂದೈತಿ," ಎಂದಳು. "ಕೂದಲ ಬಂದ್ರ ನಾ ಕುಂತ ಆರಸತೇನಿ. ನಾಯಿ ಇರಲಿ."

"ನಿಮ್ಮ ಅತ್ತಿ ಅಂದ್ರ?"

"ಅಂದ್ರ ನಾ ಅನ್ನಿಸಿಕೊಳ್ತೇನಿ." ಅವಳ ದನಿ ಸಣ್ಣದಾಯಿತು. "ಹೋಗಾಕಿ ನಾ. ಈಕಿ ಇಲ್ಲೆ ಒಬ್ಬಾಕಿನ ಉಳಿತಾಳಲ್ಲ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಕುಂಚಕ್ಕೆ ಸುತ್ತಿಕೊಂಡಿದ್ದ ತುಪ್ಪಳ ಕಿತ್ತುಹಾಕಿ, ಕುಂಚವನ್ನು ನನ್ನ ಕೈಗೆ ಕೊಟ್ಟರು. "ಇದಿನ್ನ ನೂಲಿಗೆ ಬರಂಗಿಲ್ಲ. ದಿನಾ ಮುಂಜಾನಿ, ಹಿತ್ತಲದಾಗ, ಗಾಳಿಗೆ ಬೆನ್ನ ಮಾಡಿ. ಒಂದಿನ ತಪ್ಪಿಸಿದಿ ಅಂದ್ರ ನಾನ ಕಮತಗಿಗೆ ಬಿಟ್ಟ ಬರತೇನಿ." ಮಾಮಾ ಗೋಣಿಚೀಲದಲ್ಲಿ ತುಪ್ಪಳ ತುಂಬಿಕೊಂಡ. "ಒಯ್ಯಾಕ ಬಂದಿದ್ದೆ, ಅರ್ಧಾ ನಾಯಿಯರ ಒಯ್ತೇನಿ ಬಿಡು," ಎಂದು ಸಂಜೆಯ ಬಸ್ಸಿಗೆ ಹೋದ.

ಸೀರೆ ಮುಗಿಯುವವರೆಗೆ ಅಕ್ಕ ಮಗ್ಗದ ಪಕ್ಕ ಕುಳಿತು ಅಂಗುಲ ಅಂಗುಲ ನೋಡಿದಳು. ಮದುವೆಯ ಹಿಂದಿನ ದಿನ ಅವಳ ಅತ್ತೆ ಸೆರಗನ್ನು ಎರಡು ಸಲ ಬೆಳಕಿಗೆ ಹಿಡಿದು, ಮಾತಿಲ್ಲದೆ ಮಡಿಸಿಟ್ಟರು. ನಾನು ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಅಕ್ಕ ಹೋದ ಮೇಲೆ ಮನೆಯಲ್ಲಿ ನನಗೆ ಕೂರಲು ಮನಸ್ಸಾಗುತ್ತಿದ್ದ ಜಾಗ ಹಿತ್ತಿಲೊಂದೇ.

ಈಗ ಬಾಗಲಕೋಟೆಯ ನವನಗರದ ನಿಮ್ಮ ಮನೆಯಲ್ಲಿ ನಾನಿದ್ದೇನೆ, ನಿಮ್ಮ ಗೋಲ್ಡನ್ ರಿಟ್ರೀವರ್ ಇದೆ. ಅಂಡರ್‌ಕೋಟ್, ಡಬಲ್ ಕೋಟ್ ಎಂಬ ಮಾತೆಲ್ಲ ನಿಮಗೆ ಬಾಯಿಪಾಠ. ಅದಕ್ಕೆಂದೇ ಬಾಚಣಿಗೆ ಕೊರಿಯರಿನಲ್ಲಿ ಬರುತ್ತದೆ, ಗುಂಡಗಿನ ಯಂತ್ರವೊಂದು ತಾನೇ ತಿರುಗಾಡಿ ಕೂದಲು ನುಂಗುತ್ತದೆ. ಆದರೆ ಎಸಿಯ ತಂಪಿನಲ್ಲಿ, ಹೊತ್ತು ಮುಳುಗಿದ ಮೇಲೂ ಉರಿಯುವ ಟ್ಯೂಬ್‌ಲೈಟಿನಲ್ಲಿ, ನಿಮ್ಮ ನಾಯಿ ಬೇಸಿಗೆ ಯಾವುದು, ಚಳಿ ಯಾವುದು ಎಂದು ತಿಳಿಯದೆ ಹನ್ನೆರಡು ತಿಂಗಳೂ ಕೂದಲು ಉದುರಿಸುತ್ತದೆ. ಸಾಧ್ಯವಾದರೆ ಬೆಳಿಗ್ಗೆ ಅದನ್ನು ಅಂಗಳದಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಮೈ ಡಿಯರ್ಸ್. ನೀವೂ ಕೂರಿ.

ನಿನ್ನೆ ನಿಮ್ಮ ಅಮ್ಮ ಆಫೀಸಿಗೆ ಹೊರಟಿದ್ದಳು. ಕಪ್ಪು ಸೀರೆಯ ನೆರಿಗೆಯ ತುಂಬ ಹೊನ್ನಬಣ್ಣದ ಕೂದಲು. ನಾನು ನೋಡಿದೆ. ಈ ವಯಸ್ಸಿನಲ್ಲೂ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು, ನಾಯಿಗೂ ಅವಳಿಗೂ ನಡುವೆ ಹೋಗಿ ನಿಂತೆ. ಅವಳು ಒಂದು ಕೂದಲನ್ನು ಚಿವುಟಿ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟು, "ಕೂದಲ ಅಷ್ಟ ಅಲ್ರೀ ಅತ್ತಿ, ಇರಲಿ ಬಿಡ್ರಿ," ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿ ಹೋದಳು. ಆ ಒಂದು "ಇರಲಿ" ಹೇಳಲು ನಮ್ಮ ಅಕ್ಕನಿಗೆ ಬಾಗಿಲ ಚೌಕಟ್ಟಿನ ಆಸರೆ ಬೇಕಾಗಿತ್ತು.