ನಾನು ಕತ್ತರಿಸಿದ ನೂರೈದು ಅಡಿ

2003ರಲ್ಲಿ ನಾನು ಮೈಸೂರಿನ ಒಂದು ಹಳೆಯ ಚಿತ್ರಮಂದಿರದಲ್ಲಿ ಮ್ಯಾನೇಜರ್ ಆಗಿದ್ದೆ. ಬುಕಿಂಗ್ ಕ್ಲರ್ಕ್ ಆಗಿ ಸೇರಿ ಆ ಕುರ್ಚಿಗೆ ಬರಲು ಹತ್ತೊಂಬತ್ತು ವರ್ಷ ಹಿಡಿದಿತ್ತು. ಅಷ್ಟು ವರ್ಷದಲ್ಲಿ ನಾನು ಕಲಿತ ವಿದ್ಯೆಯೆಂದರೆ ಜನರನ್ನು ಸುಮ್ಮನೆ ಕೂರಿಸುವುದು. ಎದ್ದು ನಿಂತವನನ್ನು ಗದರಿಸು, ಮಾತಾಡುವವನ ಮುಖಕ್ಕೆ ಟಾರ್ಚ್ ಬಿಡು, ಅಳುವ ಮಗುವನ್ನು ತಾಯಿಯ ಸಮೇತ ಹೊರಗೆ ಕಳಿಸು. ಇದರಲ್ಲಿ ನನಗೆ ಒಳ್ಳೆಯ ಹೆಸರೂ ಇತ್ತು.

ಆ ವರ್ಷದ ಜೂನ್‌ನಲ್ಲಿ ಕುವೆಂಪುನಗರದಲ್ಲಿ ಸಣ್ಣದೊಂದು ವಿಶೇಷ ಶಾಲೆ ನಡೆಸುತ್ತಿದ್ದ ವಸಂತಾ ಟೀಚರ್ ನನ್ನ ಕೋಣೆಗೆ ಬಂದರು. ಆಟಿಸಂ ಎಂಬ ಪದವನ್ನು ನಾನು ಕೇಳಿದ್ದೇ ಅಂದು. ಅವರ ವಿದ್ಯಾರ್ಥಿಗಳಲ್ಲಿ ಇಪ್ಪತ್ತು ದಾಟಿದವರೂ ಇದ್ದರು, ಒಬ್ಬರೂ ಚಿತ್ರಮಂದಿರದಲ್ಲಿ ಒಂದು ಸಿನಿಮಾ ಪೂರ್ತಿ ನೋಡಿರಲಿಲ್ಲ. "ಅವರಿಗೆ ಸಿನಿಮಾ ಬೇಡ ಅಂತಲ್ಲ ಸಾರ್. ಕತ್ತಲೆ, ಆ ಬೆಲ್ಲು, ಆ ಸೌಂಡು, ಅಲ್ಲಾಡಬೇಡ ಅನ್ನೋದು, ಇವು ಬೇಡ ಅಷ್ಟೇ," ಎಂದರು. ಅವರು ಬೇಡವೆಂದದ್ದೆಲ್ಲ ನನ್ನ ಉದ್ಯೋಗವೇ ಆಗಿತ್ತು. ಆದರೂ ಒಪ್ಪಿದೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಂದಿರ ಹೇಗೂ ಖಾಲಿ ಬಿದ್ದಿರುತ್ತಿತ್ತು.

ಪಕ್ಕದ ಗೋಡೆಯ ದೀಪಗಳನ್ನು ಉರಿಯಬಿಟ್ಟೆವು. ಆಟದ ಬೆಲ್ಲಿನ ತಂತಿ ಬಿಚ್ಚಿಸಿದೆ. ಸದ್ದನ್ನು ಅರ್ಧಕ್ಕೆ ಇಳಿಸಿದೆವು. ಬಾಗಿಲುಗಳು ತೆರೆದೇ ಇದ್ದವು, ಓಡಾಡುವವರು ಓಡಾಡಬಹುದಿತ್ತು. ಗೇಟ್‌ಕೀಪರ್‌ಗಳಿಂದ ಟಾರ್ಚ್ ಕಸಿದಿಟ್ಟೆ. ವಿತರಕರು ವಾಪಸ್ ಒಯ್ಯದೆ ಮರೆತಿದ್ದ ಒಂದು ಕಪ್ಪು-ಬಿಳುಪು ಸಂಸಾರದ ಚಿತ್ರದ ಪ್ರಿಂಟ್ ನಮ್ಮ ಗೋದಾಮಿನಲ್ಲಿತ್ತು. ಪ್ರತಿ ತಿಂಗಳೂ ಅದನ್ನೇ ಹಾಕಿ ಎಂದರು ಟೀಚರ್. ಗೊತ್ತಿರುವ ಚಿತ್ರ ಅವರಿಗೆ ಗೊತ್ತಿರುವ ಮನೆಯಂತೆ, ಭಯವಿರುವುದಿಲ್ಲ ಎಂದು ವಿವರಿಸಿದರು. ಚಿತ್ರ ಮುಗಿದ ಮೇಲೆ ಹಜಾರದಲ್ಲಿ ಕುರ್ಚಿ ಹಾಕಿ ಮಾತುಕತೆ. ಏನು ನೋಡಿದೆ, ಏನು ಇಷ್ಟವಾಯಿತು ಎಂದು ಟೀಚರ್ ಕೇಳುತ್ತಿದ್ದರು, ಹೇಳುವವರು ಹೇಳುತ್ತಿದ್ದರು.

ಗಿರಿಜಾ ಹೇಳುತ್ತಿರಲಿಲ್ಲ. ಇಪ್ಪತ್ತೆರಡರ ಹೆಣ್ಣುಮಗಳು. ಸರಸ್ವತಿಪುರಂನಿಂದ ಅಪ್ಪ ರುದ್ರಪ್ಪನವರ ಸ್ಕೂಟರಿನಲ್ಲಿ ಬರುತ್ತಿದ್ದಳು. ಅವರು ಹಣೆಗೆ ವಿಭೂತಿ ಹಚ್ಚಿದ, ಮಾತು ಕಮ್ಮಿಯ ವ್ಯಾಪಾರಿ. "ಮನೇಲಿ ನೀರು ಬೇಕು, ಊಟ ಬೇಕು ಅಂತಾಳೆ ಸಾರ್. ಅಷ್ಟೇ ನಮ್ಮ ಮಗಳ ಮಾತು," ಎಂದಿದ್ದರು. ಗಿರಿಜಾ ಮೂರನೇ ಸಾಲಿನ ತುದಿಯ ಸೀಟಿನಲ್ಲೇ ಕೂರುತ್ತಿದ್ದಳು. ಚಿತ್ರದ ನಡುವೆ ಒಂದು ರೈಲು ಬರುವ ದೃಶ್ಯವಿತ್ತು. ಎಂಜಿನ್ ಉದ್ದಕ್ಕೆ ಕೂಗಿ ನಿಲ್ಲುತ್ತದೆ, ವರ್ಷಗಟ್ಟಲೆ ದೂರವಿದ್ದ ಅಪ್ಪ ಇಳಿಯುತ್ತಾನೆ. ಆಗ ಗಿರಿಜಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮುಂದೆ ಹಿಂದೆ ತೂಗುತ್ತಿದ್ದಳು. ಪಾಪ ಅನ್ನಿಸುತ್ತಿತ್ತು ನನಗೆ.

ಸೆಪ್ಟೆಂಬರ್ ಆಟದ ನಂತರ ಅವಳು ಬಾಯಿಬಿಟ್ಟಳು. ಟೀಚರ್ ಇನ್ನೂ ಕೇಳಿಯೂ ಇರಲಿಲ್ಲ. ಮೊದಲ ದೃಶ್ಯದಿಂದ ಶುರು ಮಾಡಿ, ಬಾಗಿಲು ತೆರೆದದ್ದು, ಹಾಲು ಉಕ್ಕಿದ್ದು, ಯಾರು ಎಡದಿಂದ ಬಂದರು ಎಂಬುದನ್ನೂ ಬಿಡದೆ ಇಡೀ ಚಿತ್ರವನ್ನು ಹೇಳಿದಳು. "ರೈಲು ಬಂತು. ಕೂಗ್ತು. ಅಪ್ಪ ಇಳಿದ್ರು," ಎನ್ನುವಾಗ ಹಜಾರದಲ್ಲೂ ಕಿವಿ ಮುಚ್ಚಿಕೊಂಡಳು. ರುದ್ರಪ್ಪನವರು ಕಂಬದ ಮರೆಗೆ ಹೋಗಿ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ನಾನೂ ಅತ್ತೆ. ಉದ್ಯೋಗದಲ್ಲಿ ಅಂಥ ಸಂತೋಷ ನನಗೆ ಮತ್ತೆ ಸಿಗಲಿಲ್ಲ.

ಆ ಸಂತೋಷವೇ ನನ್ನ ತಲೆಗೇರಿತು. ಇಷ್ಟು ಮಾಡಿದವನು ಇನ್ನಷ್ಟು ಮಾಡಬಾರದೇಕೆ? ಆ ಒಂದು ಕೂಗು ಇಲ್ಲದಿದ್ದರೆ ಹುಡುಗಿ ಚಿತ್ರವನ್ನು ಎಷ್ಟು ನೆಮ್ಮದಿಯಾಗಿ ನೋಡಿಯಾಳು!

ನಮ್ಮ ವೃತ್ತಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಚಿತ್ರ ಉದ್ದವಾಯಿತೆಂದರೆ, ಮುಂದಿನ ಆಟಕ್ಕೆ ಹೊತ್ತಾಯಿತೆಂದರೆ ನಾವು ಒಂದು ಹಾಡನ್ನೋ ಹಾಸ್ಯದ ತುಣುಕನ್ನೋ ರೀಲಿನಿಂದ ಕತ್ತರಿಸಿ ಎರಡು ತುದಿಗಳನ್ನು ಅಂಟಿಸಿಬಿಡುತ್ತಿದ್ದೆವು. ಪ್ರಿಂಟ್ ವಾಪಸ್ ಕಳಿಸುವಾಗ ತುಣುಕನ್ನು ಮತ್ತೆ ಜೋಡಿಸುತ್ತಿದ್ದೆವು. ಪ್ರೇಕ್ಷಕರಲ್ಲಿ ಒಬ್ಬರೂ ಕೇಳಿದ್ದಿಲ್ಲ. ಹಾಗಾಗಿ ಕತ್ತರಿ ನಮಗೆ ಬಹಳ ಹಗುರದ ವಸ್ತುವಾಗಿತ್ತು.

ಆಪರೇಟರ್ ಕೆಂಪಣ್ಣ ಮಂಡಕಳ್ಳಿ ಕಡೆಯವರು, ಪ್ರೊಜೆಕ್ಟರ್ ಕೋಣೆಯಲ್ಲೇ ತಲೆ ನರೆಸಿಕೊಂಡವರು. ಅಕ್ಟೋಬರ್ ಆಟದ ಹಿಂದಿನ ದಿನ ಅವರಿಗೆ ರೈಲಿನ ದೃಶ್ಯ ತೆಗೆಯಲು ಹೇಳಿದೆ. ಅವರು ರೀಲಿನ ಮೇಲಿಂದ ಕೈ ತೆಗೆಯಲಿಲ್ಲ.

"ಬ್ಯಾಡ ಬುಡಿ ಸಾ. ನಾನು ಕಿಂಡೀಲಿ ನೋಡ್ತಿರ್ತೀನಲ್ಲ, ಆಯಮ್ಮ ಕೂಗೋಕ್ ಮುಂಚೇನೇ ಕಿವಿ ಮುಚ್ಕತದೆ. ಈಗ ಬತ್ತದೆ ಅಂತ ಕಾಯ್ತಾ ಇರ್ತದೆ. ಎದ್ರಿಕೆ ಆದೋರು ಅಂಗೆ ಕಾಯಕಿಲ್ಲ ಕಣ್ ಸಾ."

"ಹೇಳಿದಷ್ಟು ಮಾಡಿ ಕೆಂಪಣ್ಣ," ಎಂದೆ.

ಟೀಚರನ್ನು ಕೇಳಲಿಲ್ಲ. ರುದ್ರಪ್ಪನವರನ್ನು ಕೇಳಲಿಲ್ಲ. ಗಿರಿಜಾಳನ್ನು ಕೇಳಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ, ಅದೂ ಅವಳು ಮಾತಾಡಿದ್ದನ್ನು ನನ್ನ ಕಿವಿಯಾರೆ ಕೇಳಿದ ಮೇಲೆ. ತೆಗೆದದ್ದು ನೂರೈದು ಅಡಿ. ಪರದೆಯ ಮೇಲೆ ಅದು ಒಂದು ನಿಮಿಷ ಹತ್ತು ಸೆಕೆಂಡ್.

ಮರುದಿನ ನಾನು ಅವಳ ಮುಖ ನೋಡಲೆಂದೇ ಮೂರನೇ ಸಾಲಿನ ಬಳಿ ಗೋಡೆಗೆ ಒರಗಿ ನಿಂತಿದ್ದೆ. ಸಮಯ ಬಂತು. ಅವಳ ಕೈಗಳು ಕಿವಿಗೆ ಹೋದವು. ಅವಳ ತುಟಿಯಲ್ಲಿ ನಗು ಇದ್ದದ್ದನ್ನು ಆಗ ಮೊದಲ ಸಲ ಕಂಡೆ. ರೈಲು ಬರಲಿಲ್ಲ. ಪರದೆಯಲ್ಲಿ ಅಪ್ಪ ಆಗಲೇ ಮನೆಯೊಳಗೆ ಕೂತು ಕಾಫಿ ಕುಡಿಯುತ್ತಿದ್ದ.

ಗಿರಿಜಾ ಎದ್ದು ನಿಂತಳು. "ಅಪ್ಪ ರೈಲಿಂದ ಇಳೀಲಿಲ್ಲ," ಎಂದಳು, ಮೊದಲು ಮೆಲ್ಲಗೆ. ಮತ್ತೆ ಅದನ್ನೇ ಕಿರುಚುತ್ತ ಪರದೆಯ ಕಡೆ ಓಡಿದಳು. ನಾವು ಹಿಡಿಯುವಷ್ಟರಲ್ಲಿ ವೇದಿಕೆಯ ಅಂಚಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ರಕ್ತ ಕಂಡು ಉಳಿದವರೂ ಅಳಲಾರಂಭಿಸಿದರು. ಚಿತ್ರ ನಿಲ್ಲಿಸಿದೆವು. ರುದ್ರಪ್ಪನವರು ಮಗಳ ಹಣೆಗೆ ಟವೆಲ್ ಒತ್ತಿಕೊಂಡು ಆಟೋ ಹತ್ತಿಸುವಾಗ ನನ್ನನ್ನು ಕೇಳಿದರು: "ಏನಾಯ್ತು ಸಾರ್? ಇಷ್ಟ್ ದಿನ ಸರಿಯಾಗಿದ್ಲಲ್ಲ." ನಾನು ಅಲ್ಲೇ ನಿಜ ಹೇಳಿದೆ. ಅವರು ಮಗಳ ಪಕ್ಕ ಹತ್ತಿ ಕೂತರು. ಆಟೋ ಹೊರಟಿತು. ಅವಳ ಹಣೆಗೆ ಐದು ಹೊಲಿಗೆ ಬಿತ್ತು.

ಕೆಂಪಣ್ಣ ಆ ತುಣುಕನ್ನು ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಅಂದೇ ಮತ್ತೆ ಅಂಟಿಸಿದರು. ಒಂದೊಂದು ಅಂಟಿಗೂ ಫಿಲ್ಮಿನ ಒಂದೆರಡು ಫ್ರೇಮ್ ಕಳೆದುಹೋಗುತ್ತದೆ, ಆ ಜಾಗದಲ್ಲಿ ಚಿತ್ರ ಕಣ್ಣು ಮಿಟುಕಿಸುವಷ್ಟು ಹಾರುತ್ತದೆ. ಅದನ್ನು ಸರಿಮಾಡುವ ವಿದ್ಯೆ ನಮ್ಮಲ್ಲಿರಲಿಲ್ಲ.

ನವೆಂಬರಿನಲ್ಲಿ ರುದ್ರಪ್ಪನವರು ಅವಳನ್ನು ಕರೆತಂದರು, ಅದು ಅವರ ದೊಡ್ಡಗುಣ. ಗಿರಿಜಾ ಗೇಟಿನ ಕಂಬ ಹಿಡಿದು ನಿಂತಳು. "ರೈಲು ಇದೆ ಬಾರಮ್ಮ, ಸೇರಿಸಿದೀವಿ," ಎಂದು ಅಂಗಲಾಚಿದೆ. ಅವಳು ನನ್ನ ಮುಖ ನೋಡಲಿಲ್ಲ. ಒಂದು ಗಂಟೆ ಹಾಗೆಯೇ ನಿಂತು ಹೊರಟುಹೋದಳು. ಉಳಿದ ತಂದೆ-ತಾಯಿಯರೂ ಹೆದರಿ ಒಬ್ಬೊಬ್ಬರೇ ಬರುವುದು ಬಿಟ್ಟರು. ಮಾರ್ಚ್‌ನಲ್ಲಿ ಮಾಲೀಕರು ಸಾಕು ಮಾಡಿ ಎಂದರು. ಬೆಲ್ಲಿನ ತಂತಿ ಮತ್ತೆ ಜೋಡಿಸಿದರು. ಕೆಲವು ವರ್ಷಗಳಲ್ಲಿ ಮಂದಿರವೇ ಮುಚ್ಚಿತು.

2009ರಲ್ಲಿ, ಕೆಲಸ ಬಿಟ್ಟ ಮೇಲೆ, ಧೈರ್ಯ ಮಾಡಿ ಸರಸ್ವತಿಪುರಂನ ಅವರ ಮನೆಗೆ ಹೋದೆ. ರುದ್ರಪ್ಪನವರು ಕೂರಿಸಿ ಕಾಫಿ ಕೊಟ್ಟರು. "ಮನೆ ಬಿಟ್ಟು ಆಚೆ ಬರಲ್ಲ ಸಾರ್. ಮಾತೂ ಹೋಯ್ತು. ನೀರು ಬೇಕಾದ್ರೂ ಲೋಟ ತೋರಿಸ್ತಾಳೆ," ಎಂದರು. ಆಮೇಲೆ ನನಗೆ ಸಮಾಧಾನ ಹೇಳುವಂತೆ, "ನೀವೇನು ಕೇಡು ಬಯಸಿದ್ರಾ? ಒಳ್ಳೇದಕ್ಕೇ ಮಾಡಿದ್ರಿ, ಬಿಡಿ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗಿರಿಜಾ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳ ಪಕ್ಕ ನೆಲದ ಮೇಲೆ ಕೂತೆ. ಬೇರೇನು ಮಾಡಬೇಕೋ ತಿಳಿಯದೆ, ಅವಳು ಅಂದು ಹೇಳಿದಂತೆಯೇ ನಿಧಾನವಾಗಿ ಹೇಳಿದೆ: "ರೈಲು ಬಂತು." ಅವಳ ಕೈಗಳು ಮೆಲ್ಲಗೆ ಮೇಲೆದ್ದು ಕಿವಿ ಮುಚ್ಚಿದವು. "ಕೂಗ್ತು," ಎಂದೆ. ಅವಳು ತೂಗಿದಳು. "ಅಪ್ಪ ಇಳಿದ್ರು," ಎಂದೆ.

ಅವಳು ಕೈ ಕೆಳಗಿಳಿಸಿದಳು. "ಇಳೀಲಿಲ್ಲ," ಎಂದಳು.

ಒಳಗಿನಿಂದ ರುದ್ರಪ್ಪನವರು ಓಡಿ ಬಂದರು, ಆರು ವರ್ಷದಲ್ಲಿ ಅವಳ ಮೊದಲ ಮಾತಂತೆ ಅದು. ಇನ್ನೊಂದು ಮಾತಿಗಾಗಿ ನಾವಿಬ್ಬರೂ ಬಹಳ ಹೊತ್ತು ಕಾದೆವು. ಅವಳು ಗೋಡೆಯ ಕಡೆಗೇ ತಿರುಗಿದ್ದಳು.

ಒಬ್ಬರಿಗೆ ಏನು ಕಷ್ಟ ಎಂಬುದನ್ನು ಅವರನ್ನೇ ಕೇಳದೆ ತೀರ್ಮಾನಿಸಬಾರದು. ಇಪ್ಪತ್ತೈದು ವರ್ಷದ ಉದ್ಯೋಗ ನನಗೆ ಕಲಿಸಿದ್ದು ಇದೊಂದೇ, ಕಲಿತ ಮೇಲೆ ಉಪಯೋಗಿಸಲು ಚಿತ್ರಮಂದಿರವೇ ಉಳಿದಿರಲಿಲ್ಲ. ಅವಳು ಕಿವಿ ಮುಚ್ಚಿಕೊಂಡು ಕೇಳುತ್ತಿದ್ದಳು. ನಾನು ಕಿವಿ ತೆರೆದಿದ್ದೂ ಕೇಳಲಿಲ್ಲ.