ಗುಡ್ಡ ಬೋಳು ಮಾಡಿದ ಅವ್ವ

ಕೋಠಿಯ ಬಜಾರಿನಲ್ಲಿ ಬುಟ್ಟಿ ತುಂಬ ಹಳದಿ ತಂಗಡಿ ಹೂ ಕಂಡೊಡನೆ, ನಾಚಾರಂನ ನಮ್ಮ ಹಳೆಯ ಮನೆಯೊಡತಿ ನೆನಪಾದಳು. ಬತುಕಮ್ಮ ಹಬ್ಬಕ್ಕೆ ನಮ್ಮನ್ನೇ ಗುಡ್ಡ ಹತ್ತಿಸಿ ಹೂ ತರಿಸಿಕೊಂಡವಳು, ಅವ್ವ ತಟ್ಟೆಯಲ್ಲಿ ಹೂವಿನ ಪುಟ್ಟ ಗೋಪುರದಂಥ ಬತುಕಮ್ಮ ಪೇರಿಸಿ ತಂದಾಗ, "ಮೀದಿ ಬಯಟ ಪೆಟ್ಟು" ಎಂದು ತೆಲುಗಿನಲ್ಲಿ, ನಿಮ್ಮದು ಹೊರಗಿಡು ಅಂತ, ಗೇಟಿನಾಚೆ ಕೈ ತೋರಿಸಿದ್ದಳು.

ಅವ್ವ ಮರುವರ್ಷ ಹಬ್ಬದ ನಸುಕಿನಲ್ಲೇ ನನ್ನನ್ನು ಎಬ್ಬಿಸಿ ಗುಡ್ಡಕ್ಕೆ ಕರೆದೊಯ್ದಳು. "ಒಂದ್ ಮೊಗ್ಗೂ ಬಿಡಬ್ಯಾಡ, ಎಲ್ಲಾ ಹರಿ."

ಸಂಜೆ ನಮ್ಮ ಬತುಕಮ್ಮ ನನ್ನೆದೆಯೆತ್ತರ ನಿಂತಿತ್ತು. ಓಣಿಯ ಹೆಂಗಸರು ಚಪ್ಪಾಳೆ ತಟ್ಟುತ್ತ ಅದನ್ನೇ ಸುತ್ತಿದರು. ಬಾಡಿದ ಚೆಂಡುಹೂ ಹಿಡಿದು ನಿಂತ ಮನೆಯೊಡತಿಯ ಕೈಗೆ ಅವ್ವ ರೊಟ್ಟಿ-ಬೆಲ್ಲದ ಮಲೀದ ಹಾಕಿದಳು. "ತಿನ್ರಿ ಅಕ್ಕಾರ, ಭಾಳ ಸಿಹಿ ಐತಿ."

ಇವತ್ತು ಬುಟ್ಟಿಯಲ್ಲಿದ್ದ ತಂಗಡಿಯನ್ನೆಲ್ಲ ನಾನೇ ಕೊಂಡೆ. ಹಿಂದೆ ನಿಂತಿದ್ದ ಹೆಂಗಸು ಒಂದು ಹಿಡಿ ಕೇಳಿದಳು. ಪಾಪ, ಯಾರೋ ಏನೋ. ಕೊಡಲಿಲ್ಲ.